ದೊಡ್ಡಪ್ಪನ ಹೋರಿ, ನನ್ನ ಕಡ್ಡಿ

ಬೆದೆಗೆ ಬಂದ ಆಕಳಿನ ಹಿಂದೆ ನಿಂತು, ಎಡಗೈಗೆ ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಆ ಕೈಯನ್ನು ಸಗಣಿಯ ದಾರಿಯಿಂದ ಮೊಳಕೈ ಮುಳುಗುವಷ್ಟು ಒಳಗೆ ತೂರಿಸಿ, ಗರ್ಭಕೋಶದ ಕೊರಳನ್ನು ಬೆರಳುಗಳಲ್ಲಿ ಹಿಡಿದುಕೊಂಡು, ಬಲಗೈಯಲ್ಲಿರುವ ಉದ್ದನೆಯ ನಳಿಗೆಯಿಂದ ಹೋರಿಯ ವೀರ್ಯ ಬಿಡುವುದು ನನ್ನ ಕೆಲಸ. ವೀರ್ಯ ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆಗೆ ನಮ್ಮ ಕಡೆ ಕಡ್ಡಿ ಎನ್ನುತ್ತಾರೆ. ಕಾಗವಾಡ ತಾಲೂಕಿನ ನಮ್ಮೂರಿನಿಂದ ಹಿಡಿದು ಐನಾಪುರ, ಉಗಾರ, ಹೊಳೆಯ ಆಚೆ ಚಿಂಚಲಿಯವರೆಗೆ ಸ್ಕೂಟಿಯ ಮೇಲೆ ಕಡ್ಡಿಯ ಡಬ್ಬಿ ಕಟ್ಟಿಕೊಂಡು ತಿರುಗುವ ಹೆಂಗಸು ನಾನೊಬ್ಬಳೇ. ಈಗ ಜನ ನನ್ನನ್ನು ಡಾಕ್ಟರ್ ಬಾಯಾರ ಎಂದು ಕರೆಯುತ್ತಾರೆ. ನಾನು ಡಾಕ್ಟರಲ್ಲ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ನಾನು ಕಲಿತದ್ದು ಮಾಸ್ತರಿಕೆ. ಅವ್ವ ನಿಪ್ಪಾಣಿಯವಳು, ಮದುವೆಗೆ ಮುಂಚೆ ತಂಬಾಕಿನ ವಖಾರಿಯಲ್ಲಿ ಧೂಳು ಕುಡಿದು ಬೆಳೆದವಳು. ಮಗಳು ಸೀರೆಯ ನೆರಿಗೆ ಕೆಡದಂಥ ಕೆಲಸ ಮಾಡಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು. ಡಿ.ಎಡ್. ಮುಗಿಸಿ ನಾಲ್ಕು ವರ್ಷ ಕಾದೆ. ಸರಕಾರ ಜಾಗ ಕರೆಯಲಿಲ್ಲ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ಚಿಕ್ಕೋಡಿಯಲ್ಲಿ ಸೀರೆ ಅಂಗಡಿ ಸೇರಿದ್ದಳು, ಇಬ್ಬರು ಖಾಸಗಿ ಶಾಲೆಯಲ್ಲಿ ಕೂಲಿಗಿಂತ ಕಡಿಮೆ ಪಗಾರಕ್ಕೆ ಮಗ್ಗಿ ಹೇಳಿಕೊಡುತ್ತಿದ್ದರು. ಕೃತಕ ಗರ್ಭಧಾರಣೆಯ ತರಬೇತಿಗೆ ಅರ್ಜಿ ಕರೆದಿದ್ದಾರೆಂದು ಗೊತ್ತಾದಾಗ, ಹೆಂಗಸರು ಯಾರೂ ಹಾಕುವುದಿಲ್ಲ, ಹಾಗಾಗಿ ಸೀಟು ಸಿಕ್ಕೇ ಸಿಗುತ್ತದೆ ಎಂಬ ಲೆಕ್ಕದಲ್ಲಿ ಹಾಕಿದೆ. ಸಿಕ್ಕಿತು. ಅವ್ವನಿಗೆ ದನದ ದವಾಖಾನೆಯ ಕೆಲಸ ಎಂದಷ್ಟೇ ಹೇಳಿದ್ದೆ. ತರಬೇತಿ ಮುಗಿಸಿ ಡಬ್ಬಿಯ ಸಮೇತ ಮನೆಗೆ ಬಂದ ದಿನ ಅವಳಿಗೆ ನಿಜ ಗೊತ್ತಾಯಿತು. ಆ ದಿನ ಅವಳು ನನ್ನ ಊಟದ ತಾಟನ್ನು ಬೇರೆ ಇಟ್ಟಳು. ಬೈಯಲಿಲ್ಲ, ಅಳಲಿಲ್ಲ. ತಾಟನ್ನು ಬೇರೆ ಇಟ್ಟಳು, ಅಷ್ಟೇ.

ನನ್ನ ಕೆಲಸವನ್ನು ನಮ್ಮೂರಲ್ಲಿ ನನಗಿಂತ ಮೊದಲು ಮಾಡುತ್ತಿದ್ದವನು ನನ್ನ ದೊಡ್ಡಪ್ಪ. ಅಪ್ಪನ ಅಣ್ಣ. ಒಂದೇ ಗೋಡೆಯ ಆಚೆಗೆ ಅವನ ಮನೆ. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವನ ಹತ್ತಿರ ಖಿಲಾರಿ ತಳಿಯ ಒಂದು ಬೀಜದ ಹೋರಿ ಇತ್ತು. ಬಿಳಿ ಮೈ, ಮೇಲಕ್ಕೆದ್ದು ಹಿಂದಕ್ಕೆ ಬಾಗಿದ ಕೊಂಬು, ಕಪ್ಪು ಗೊರಸು. ಸುತ್ತ ನಾಲ್ಕಾರು ಊರಿನವರು ಬೆದೆಗೆ ಬಂದ ಆಕಳನ್ನು ಹೊಡೆದುಕೊಂಡು ಅವನ ಅಂಗಳಕ್ಕೆ ಬರುತ್ತಿದ್ದರು. ಹೋರಿ ಬಿಡುವ ಹೊತ್ತಿಗೆ ನಮ್ಮ ಮನೆಯ ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಸೋಮವಾರ ಎಷ್ಟೇ ದೂರದಿಂದ ಬಂದರೂ ಹೋರಿ ಬಿಡುತ್ತಿರಲಿಲ್ಲ, ಬಸವಣ್ಣನ ವಾರ ಎನ್ನುತ್ತಿದ್ದ. ಬಂದವರು ಅವನ ಎದುರಿಗೆ ಕೈಮುಗಿದು, ಬೆನ್ನ ಹಿಂದೆ ಅವನಿಗೂ ಹೋರಿಗೂ ಸೇರಿಸಿ ಹೊಲಸು ಮಾತಾಡುತ್ತಿದ್ದರು. ಅಪ್ಪ ಸತ್ತಾಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಆಮೇಲೆ ನನ್ನ ಫೀಜು, ಬಟ್ಟೆ, ಬಸ್ಸಿನ ಪಾಸು ಎಲ್ಲ ಆ ಹೋರಿ ಮತ್ತು ಅದಕ್ಕಿಂತ ಮೊದಲಿದ್ದ ಅದರ ತಂದೆ ಹೋರಿಯ ಮೇಲೇ ನಡೆದದ್ದು.

ಡಬ್ಬಿ ತಂದ ಮರುದಿನ ಅವನು ನಮ್ಮ ಅಂಗಳಕ್ಕೆ ಬಂದ. ಮುಚ್ಚಳ ತೆಗೆದು ತೋರಿಸು ಎಂದ. ತೆಗೆದೆ. ಕಡ್ಡಿ ಕೆಡದಂತೆ ಇಡುವ ದ್ರವ ಸಾರಜನಕದ ತಣ್ಣನೆಯ ಹೊಗೆ ಉಕ್ಕಿ ಅವನ ಪಾದದ ಮೇಲೆ ಹರಿಯಿತು. ಎಷ್ಟು ಹೋರಿ ಅದಾವ ಇದರಾಗ ಎಂದು ಕೇಳಿದ. ಇಪ್ಪತ್ತು ಹೋರಿಯ ಕಡ್ಡಿ ಇವೆ ಎಂದೆ. ಇಪ್ಪತ್ತು ಹೋರಿ ಒಂದು ಡಬ್ಬಿಯಲ್ಲಿ ಜಗಳವಾಡದೆ ಇರುವುದನ್ನು ಕಂಡು ಸ್ವಲ್ಪ ನಕ್ಕ. ಮುಂದಿನ ಎರಡು ತಿಂಗಳು ನನ್ನನ್ನು ಯಾರೂ ಕರೆಯಲಿಲ್ಲ. ಆ ಎರಡು ತಿಂಗಳು ಅವನು ನನಗೆ ತರಬೇತಿಯಲ್ಲಿ ಹೇಳದ ಪಾಠ ಹೇಳಿದ. ಒದೆಯುವ ಆಕಳು ಒದೆಯುವ ಮೊದಲು ಯಾವ ಕಿವಿ ಹಿಂದಕ್ಕೆ ಒಯ್ಯುತ್ತದೆ, ಬೆದೆ ಏರುವಾಗಿನ ಕೂಗಿಗೂ ಇಳಿಯುವಾಗಿನ ಕೂಗಿಗೂ ಏನು ವ್ಯತ್ಯಾಸ, ಇನ್ನೂ ಕರು ಹಾಕದ, ಹೆದರಿದ ಪಡ್ಡೆಯ ಬಾಲದ ಬುಡವನ್ನು ಹೇಗೆ ತಿಕ್ಕಿದರೆ ಅದು ನಿಲ್ಲುತ್ತದೆ. ಮೊದಲ ಗಿರಾಕಿಯನ್ನು ಕಳಿಸಿದವನೂ ಅವನೇ. ಒಬ್ಬ ರೈತ ಸಣ್ಣ ಜರ್ಸಿ ಪಡ್ಡೆಯನ್ನು ಹೋರಿಗೆ ತಂದಿದ್ದ. ಇಷ್ಟು ಸಣ್ಣದರ ಮೇಲೆ ನನ್ನ ಹೋರಿ ಏರಿದರೆ ಸೊಂಟ ಮುರಿದೀತು, ನನ್ನ ತಮ್ಮನ ಮಗಳ ಹತ್ತಿರ ಹೋಗು ಎಂದು ಕಳಿಸಿಕೊಟ್ಟ. ಪಡ್ಡೆ ಮೊದಲ ಸಲಕ್ಕೇ ಗಬ್ಬ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು.

ಆ ದಿನಗಳಲ್ಲೇ ಅಥಣಿ ಕಡೆಯಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ನಾನು ಕೊಟ್ಟ ಚಹಾದ ಕಪ್ಪನ್ನು ಹಿಡಿದು, ಕುಡಿಯದೆ, ನನ್ನ ಕೈಗಳನ್ನು ನೋಡುತ್ತ ಕೂತಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು.

"ಯಾವ ಕೈ ಹಾಕ್ತೀಯವಾ?"

ಎಡಗೈ ಎಂದೆ. ಅವಳು ಕಪ್ಪನ್ನು ನೆಲಕ್ಕಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿತು. ಎದ್ದು ಹೋದರು. ಆರು ತಿಂಗಳ ಮೇಲೆ ಅದೇ ಮನೆಯಿಂದ ಫೋನ್ ಬಂತು. ಅವರ ಎಚ್ಚೆಫ್ ಜಾತಿಯ ದೊಡ್ಡ ಸೀಮೆ ಆಕಳು ಎಷ್ಟು ಸಲ ಕಡ್ಡಿ ಹಾಕಿಸಿದರೂ ನಿಲ್ಲುತ್ತಿರಲಿಲ್ಲವಂತೆ. ಹೋದೆ. ಆ ತಾಯಿಯೇ ಬಾಲ ಹಿಡಿದು ನಿಂತಳು. ಕೆಲಸ ಮುಗಿದ ಮೇಲೆ ನನಗೆ ಒಳಗೆ ಬಾ ಎನ್ನಲಿಲ್ಲ, ಹಿತ್ತಲಲ್ಲೇ ಕೈ ಮೇಲೆ ನೀರು ಎತ್ತಿ ಹೊಯ್ದಳು. ಆಕಳು ಗಬ್ಬ ನಿಂತಿತು. ಈಗ ಅವರು ಬೇರೆ ಯಾರನ್ನೂ ಕರೆಯುವುದಿಲ್ಲ.

ಎರಡು ಮೂರು ವರ್ಷದಲ್ಲಿ ಕೆಲಸ ಎಷ್ಟು ಏರಿತೆಂದರೆ ಊಟಕ್ಕೆ ಕೂತಲ್ಲಿಂದ ಏಳಬೇಕಾಗುತ್ತಿತ್ತು. ಉಳುಮೆಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು. ಎತ್ತು ಬೇಡವೆಂದ ಮೇಲೆ ಖಿಲಾರಿ ಕರು ಯಾರಿಗೆ ಬೇಕು? ಎಲ್ಲರಿಗೂ ಹಾಲು ಬೇಕಾಗಿತ್ತು. ಆಮೇಲೆ ಹೆಣ್ಣುಗರುವೇ ಹುಟ್ಟುವ ಕಡ್ಡಿ ಬಂತು. ಆ ಕಡ್ಡಿ ಬರುವ ಮುಂಚೆ ಹುಟ್ಟಿದ ಗಂಡುಗರುಗಳು ಏನಾದವೆಂದು ನಾನು ಕಣ್ಣಾರೆ ಕಂಡಿದ್ದೇನೆ. ಹಾಲು ಕುಡಿಯದಂತೆ ಬಾಯಿಗೆ ಬುಟ್ಟಿ ಕಟ್ಟಿ ಬಿಸಿಲಿಗೆ ಬಿಟ್ಟಿರುತ್ತಿದ್ದರು. ಮೂರು ನಾಲ್ಕು ದಿನ ಕರು ಕೂಗುತ್ತಿತ್ತು. ನಾನು ಅದರ ಪಕ್ಕದಲ್ಲೇ ಸ್ಕೂಟಿ ನಿಲ್ಲಿಸಿ, ಅದರ ತಾಯಿಗೆ ಇನ್ನೊಂದು ಕಡ್ಡಿ ಯಾವಾಗ ಹಾಕಬೇಕೆಂದು ಹೇಳಿ ಬರುತ್ತಿದ್ದೆ. ಒಮ್ಮೆ ಒಂದು ಮನೆಯಲ್ಲಿ ಹೆಣ್ಣುಗರುವಿನ ಕಡ್ಡಿ ಹಾಕುತ್ತಿರುವಾಗ ಮನೆಯ ಮುದುಕಿ, ದನಕ್ಕ ಹೆಣ್ಣಿನ ಕಡ್ಡಿ ತಂದಿ, ನಮ್ಮ ಸೊಸಿಗೆ ಗಂಡಿನ ಕಡ್ಡಿ ಇಲ್ಲೇನ ಎಂದಳು. ಎರಡು ಹೆಣ್ಣು ಹೆತ್ತಿದ್ದ ಆ ಸೊಸೆ ಆಕಳಿನ ಬಾಲ ಹಿಡಿದು ನಿಂತಿದ್ದಳು. ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗಿರಾಕಿ ನಕ್ಕಾಗ ನಗಬೇಕೆಂಬುದನ್ನು ಅಷ್ಟರಲ್ಲಿ ಕಲಿತಿದ್ದೆ.

ದೊಡ್ಡಪ್ಪನ ಅಂಗಳಕ್ಕೆ ವಾರಕ್ಕೊಂದು ಆಕಳು ಬರುತ್ತಿದ್ದದ್ದು ತಿಂಗಳಿಗೊಂದಾಯಿತು. ಅವನು ಹೋರಿಗೆ ಹಿಂಡಿ ಹಾಕುವುದು ಬಿಟ್ಟು ಬರೀ ವಾಡಿ, ಕಬ್ಬಿನ ತುದಿಯ ಹಸಿ ಸೋಗೆ, ಹಾಕತೊಡಗಿದ. ಸಂಜೆ ಅದರ ಮೈ ತಿಕ್ಕುವಾಗ ಎಲುಬು ಕಾಣುವ ಜಾಗದಲ್ಲಿ ಕೈ ತಡೆಯುತ್ತಿತ್ತು.

ನನ್ನ ಎಲ್ಲರಿಗಿಂತ ದೊಡ್ಡ ಗಿರಾಕಿ ಊರ ಹೊರಗಿನ ಸಾವಕಾರ. ಕಬ್ಬು, ದ್ರಾಕ್ಷಿ ತೋಟ, ಜೊತೆಗೆ ಇಪ್ಪತ್ತು ಎಚ್ಚೆಫ್ ಆಕಳುಗಳ ಗೋಠಾ, ಅಂದರೆ ದೊಡ್ಡ ಕೊಟ್ಟಿಗೆ. ಅವನು ಮಹಾರಾಷ್ಟ್ರದ ಒಂದು ಬಾಜಾರದಿಂದ ಮೂರು ಹೊಸ ಆಕಳು ತಂದಿದ್ದ. ಒಂದು ಬೆಳಗ್ಗೆ ಬೇಗ ಬಾ ಎಂದು ಫೋನ್ ಮಾಡಿದ. ಹೊಸ ಆಕಳಲ್ಲೊಂದು ಏಳು ತಿಂಗಳಿಗೆ ಕಂದು ಹಾಕಿತ್ತು, ಮಾಸು ಬಿದ್ದಿರಲಿಲ್ಲ, ನಾನೇ ಕೈ ಹಾಕಿ ತೆಗೆದೆ. ತೊಗಲು ಬಲಿಯದ ಸತ್ತ ಕರುವನ್ನು ಆಳುಗಳು ಚೀಲದಲ್ಲಿ ಹಾಕಿಕೊಂಡು ಹೋಗಿ ಹಿಂದಿನ ಹಳ್ಳಕ್ಕೆ ಎಸೆದದ್ದನ್ನು ನಾನು ನೋಡಿದೆ. ಅದೇ ಹಳ್ಳದಲ್ಲಿ ಊರ ದನ ನೀರು ಕುಡಿಯುತ್ತವೆ. ಇದು ಅಂಟುರೋಗ ಇದ್ದೀತು, ದೊಡ್ಡ ಡಾಕ್ಟರಿಗೆ ಹೇಳಬೇಕು ಎಂದೆ. ಸಾವಕಾರ ಹಲ್ಲುಜ್ಜುತ್ತಿದ್ದ. ಉಗುಳಿ ಬಂದು, ಡಾಕ್ಟರಿಗೆ ಹೇಳಿದರೆ ಡೇರಿಯಲ್ಲಿ ನನ್ನ ಹಾಲು ನಿಲ್ಲಿಸುತ್ತಾರೆ, ನನ್ನ ಗೋಠಾಕ್ಕೆ ಬೇರೆಯವರನ್ನು ಕರೆಯುವುದು ನನಗೇನು ಕಷ್ಟವಲ್ಲ ಎಂದು ನಗುನಗುತ್ತಲೇ ಹೇಳಿದ. ನಾನು ಕೈ ತೊಳೆದು ಸ್ಕೂಟಿ ಹತ್ತಿದೆ.

ಮನೆಗೆ ಬಂದು ಒಬ್ಬನಿಗೆ ಮಾತ್ರ ಹೇಳಿದೆ, ದೊಡ್ಡಪ್ಪನಿಗೆ. ಅವನು ಹೋರಿಯ ಮೂಗುದಾರ ಬದಲಿಸುತ್ತಿದ್ದ. ಹಳ್ಳಕ್ಕೆ ಎಸೆದಿದ್ದಾರೆ ಎಂದಾಗ ಕೈ ನಿಲ್ಲಿಸಿದ. ಇವತ್ತೇ ಡಾಕ್ಟರಿಗೆ ಹೇಳು, ಸಾವಕಾರ ಸಿಟ್ಟಾದರೆ ಆಗಲಿ, ಊರ ದನ ಸತ್ತರೆ ನಿನ್ನ ಡಬ್ಬಿ ಇಟ್ಟುಕೊಂಡು ಏನು ಮಾಡುತ್ತಿ ಎಂದ. ಆಗಲಿ ಎಂದೆ. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಎರಡು ದಿನ ಅಂದುಕೊಂಡೆ, ಮೂರನೆಯ ದಿನದಿಂದ ಅಂದುಕೊಳ್ಳುವುದನ್ನೂ ಬಿಟ್ಟೆ.

ಎರಡು ತಿಂಗಳ ಮೇಲೆ ಊರಲ್ಲಿ ಒಂದು ಆಕಳು ಕಂದು ಹಾಕಿತು. ಅದು ದೊಡ್ಡಪ್ಪನ ಹೋರಿಗೆ ಬಂದಿದ್ದ ಆಕಳು. ಹದಿನೈದು ದಿನದೊಳಗೆ ಮತ್ತೆ ಮೂರು. ಆ ಮೂರೂ ನಾನು ಕಡ್ಡಿ ಹಾಕಿದವು. ಊರು ನನ್ನ ಮೇಲೆ ತಿರುಗಿತು. ಡಬ್ಬಿಯ ಬೀಜ ಕೊಳೆತಿದೆ ಎಂದರು, ಹೆಂಗಸಿನ ಕೈಯ ಸೂತಕ ಎಂದರು. ಫೋನು ಬರುವುದು ನಿಂತಿತು. ಒಂದು ದಿನ ನಸುಕಿನಲ್ಲಿ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಗೊಬ್ಬರದ ಚೀಲವೊಂದು ಬಿದ್ದಿತ್ತು. ಚೀಲದ ಬಾಯಿಯಿಂದ ಮೆತ್ತನೆಯ ಗೊರಸಿದ್ದ ಒಂದು ಕಾಲು ಹೊರಗೆ ಬಂದಿತ್ತು. ಅವ್ವ ಅದನ್ನು ನೋಡಿ ಒಳಗೆ ಹೋಗಿ ಕೂತುಬಿಟ್ಟಳು. ದೊಡ್ಡಪ್ಪ ಬಂದು ಬರಿಗೈಯಲ್ಲಿ ಆ ಚೀಲ ಎತ್ತಿಕೊಂಡು ಹೊಲಕ್ಕೆ ಹೋದ. ಆಳವಾಗಿ ತೋಡಿ ಸುಣ್ಣ ಹಾಕಿ ಹೂಳಿ ಬಂದ. ಆ ರೋಗ ಬರಿಗೈಯಿಂದ ಮನುಷ್ಯರಿಗೂ ಅಂಟುತ್ತದೆಂದು ನನಗೆ ತರಬೇತಿಯಲ್ಲಿ ಹೇಳಿದ್ದರು. ಅವನಿಗೆ ಗ್ಲೌಸ್ ಕೊಡಬೇಕೆಂದು ನನಗೆ ಹೊಳೆದದ್ದು ಅವನು ಹೂಳಿ ಬಂದು ಕೈ ತೊಳೆಯುವಾಗ. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ.

ಸರಕಾರಿ ದವಾಖಾನೆಯ ಡಾಕ್ಟರು ಬಂದು ಕಂದು ಹಾಕಿದ ಆಕಳುಗಳ ರಕ್ತ ತೆಗೆದುಕೊಂಡರು, ಹೋರಿಯದೂ ತೆಗೆದುಕೊಂಡರು. ಡಬ್ಬಿಯ ಬೀಜವನ್ನು ತಪಾಸಣೆ ಮಾಡಿಯೇ ಕಳಿಸಿರುತ್ತಾರೆ, ಅದರಿಂದ ಬರುವುದಿಲ್ಲ ಎಂದು ಹೇಳಿದರು. ಹೊರಗಿನಿಂದ ತಂದ ದನದಿಂದ ಬಂದಿರಬಹುದು, ಹೋರಿಯಿಂದಲೂ ಬಂದಿರಬಹುದು, ವರದಿ ಬರುವವರೆಗೆ ಏನೂ ಹೇಳಲಾಗದು ಎಂದರು. ಇದನ್ನು ಅವರು ಹೇಳಿದ್ದು ನನಗೊಬ್ಬಳಿಗೆ, ಜೀಪು ಹತ್ತುವಾಗ.

ಮರುದಿನ ಮುಂಜಾನೆ ಹಾಲಿನ ಡೇರಿಯ ಮುಂದೆ ಊರೇ ಸೇರಿತ್ತು. ಕ್ಯಾನು ಹಿಡಿದ ಗಂಡಸರು, ಚರಿಗೆ ಹಿಡಿದ ಹೆಂಗಸರು. ಸಾವಕಾರನೂ ಇದ್ದ, ಮೋಟರ್ ಸೈಕಲ್ಲಿನ ಮೇಲೆ ಒಂದು ಕಾಲೂರಿ ಕೂತಿದ್ದ. ದೊಡ್ಡಪ್ಪ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರ್ ಏನೆಂದರು ಎಂದು ನನ್ನನ್ನು ಕೇಳಿದರು. ಬೀಜದಿಂದ ಬರುವುದಿಲ್ಲ ಎಂದರು ಎಂದೆ. ಹಾಗಾದರೆ ಎಲ್ಲಿಂದ ಬಂತು ಎಂದು ಒಬ್ಬ ಕೇಳಿದ. ಅವನ ಆಕಳು ಎರಡು ದಿನದ ಹಿಂದೆ ಕಂದು ಹಾಕಿತ್ತು. ಕಣ್ಣು ಕೆಂಪಗಿದ್ದವು.

"ಹೋರಿಯಿಂದ ಬರ್ತೈತಿ ಅಂದಾರ," ಎಂದೆ.

ಸುಳ್ಳು ಎಂದು ಯಾರೂ ಹೇಳಲಾರದಂಥ ಸುಳ್ಳು ಅದು. ಡಾಕ್ಟರು ಹೇಳಿದ ಎರಡು ಮಾತಿನಲ್ಲಿ ಒಂದನ್ನು ಎತ್ತಿಕೊಂಡಿದ್ದೆ, ಅಷ್ಟೇ. ಎಲ್ಲರೂ ದೊಡ್ಡಪ್ಪನ ಕಡೆ ತಿರುಗಿದರು. ಮೊದಲು ಕಂದು ಹಾಕಿದ್ದು ಹೋರಿಗೆ ಹೋದ ಆಕಳೇ ಎಂಬುದು ಎಲ್ಲರಿಗೂ ನೆನಪಾಯಿತು. ಅವನು ಗೋಡೆ ಬಿಟ್ಟು ಮುಂದೆ ಬಂದ. ಅವರ ಯಾರ ಕಡೆಯೂ ನೋಡದೆ ನನ್ನನ್ನೇ ನೋಡಿ ಮಾತಾಡಿದ.

"ಎಲ್ಲಾಕಿಂತ ಮೊದಲ ಸಾವಕಾರ್ರ ಗೋಠಾದಾಗ ಕಂದ ಹಾಕಿತ್ತಲ್ಲ ಮಗಳ. ನೀನ ಹೋಗಿ ಮಾಸ ತಗದ ಬಂದಿ. ಹಳ್ಳಕ್ಕ ಒಗದಿದ್ದನ್ನೂ ನೋಡಿದಿ. ಹೇಳು ಇವರಿಗೆ."

ಡೇರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿದ. ಸಾವಕಾರ ನನ್ನ ಕಡೆ ನೋಡಲಿಲ್ಲ, ಮೋಟರ್ ಸೈಕಲ್ಲಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಅವನ ಇಪ್ಪತ್ತು ಆಕಳು ನನ್ನ ಕಣ್ಣ ಮುಂದೆ ಬಂದವು ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಹೊಸ್ತಿಲ ಮುಂದಿನ ಚೀಲವೂ ಕಂಡಿತು. ಬೇರೆ ಇಟ್ಟ ತಾಟು, ಕೆನೆ ಕಟ್ಟಿದ ಚಹಾ, ನಾಲ್ಕು ವರ್ಷ ಕಾದ ಜಾಗ, ಎಲ್ಲ ಒಟ್ಟಿಗೆ ಎದ್ದುಬಂದು, ಇಷ್ಟೆಲ್ಲ ನುಂಗಿ ಹಿಡಿದ ಕೆಲಸವನ್ನು ಯಾಕೆ ಬಿಡಬೇಕು ಅನ್ನಿಸಿತು. ಹೋರಿ ಹೇಗೂ ಹೋಗುವುದೇ, ಇವತ್ತಲ್ಲದಿದ್ದರೆ ಮುಂದಿನ ವರ್ಷ ಎಂದೂ ಅನ್ನಿಸಿತು.

"ಸಾವಕಾರ್ರ ಗೋಠಾದಾಗ ಹಂತಾದ್ದೇನೂ ಆಗಿಲ್ಲ," ಎಂದೆ. "ದೊಡ್ಡಪ್ಪಗ ವಯಸ್ಸಾಗೇತಿ. ಏನೋ ತಿಳಕೊಂಡಾನ."

ಯಾರೋ ನಕ್ಕರು. ಬೀಜ ಖಾಲಿಯಾದ ಮೇಲೆ ಬುದ್ಧಿಯೂ ಖಾಲಿಯಾಗುತ್ತದೆ ಎಂದು ಒಬ್ಬ ಅಂದ. ದೊಡ್ಡಪ್ಪ ತನ್ನ ಸಣ್ಣ ಕ್ಯಾನನ್ನು ಎತ್ತಿಕೊಂಡು, ಚಹಾಕ್ಕೆ ಹಾಲು ಕೊಳ್ಳದೆಯೇ ಹೋದ.

ಆ ದಿನದಿಂದ ಹೋರಿಯನ್ನು ನೀರಿಗೆ ಬಿಡಬಾರದೆಂದು ಊರವರು ಕಟ್ಟು ಮಾಡಿದರು. ಅವನು ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಕುಡಿಸುತ್ತಿದ್ದ. ದೊಡ್ಡ ದನ, ದಿನಕ್ಕೆ ನಾಲ್ಕೈದು ಕೊಡ ನೀರಾದರೂ ಬೇಕು. ನಮ್ಮ ಅಂಗಳದಲ್ಲಿ ನಳ ಇತ್ತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಅವ್ವ ಒಂದೆರಡು ಸಲ ಕೊಡ ತುಂಬಿ ನಡುವಿನ ಗೋಡೆಯ ಮೇಲೆ ಇಟ್ಟಳು. ಅವು ತುಂಬಿದ್ದು ತುಂಬಿದಂತೆಯೇ ಇದ್ದವು.

ಒಂದು ವಾರ ಕಳೆದ ಮೇಲೆ ಅವನೇ ದವಾಖಾನೆಗೆ ಹೋಗಿ, ಹೋರಿಯ ಬೀಜ ಒಡೆದು ಎತ್ತು ಮಾಡಿಕೊಡಿ ಎಂದು ಡಾಕ್ಟರನ್ನು ಕೇಳಿದನಂತೆ. ಬೀಜದ ಹೋರಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಎತ್ತಾದರೆ ಉಗಾರದ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಯವರು ಒಯ್ಯುತ್ತಾರೆ, ಕಟುಕರ ಕೈಗೆ ಹೋಗುವುದಕ್ಕಿಂತ ಅದು ವಾಸಿ ಎಂದು ಲೆಕ್ಕ ಹಾಕಿದ್ದ. ವರದಿ ಬರಲಿ, ಆತುರ ಬೇಡ, ಈ ವಯಸ್ಸಿನ ಹೋರಿಗೆ ಬಹಳ ನೋವಾಗುತ್ತದೆ ಎಂದು ಡಾಕ್ಟರು ಹೇಳಿ ನೋಡಿದರು. ವರದಿ ಚಲೋ ಬಂದರೂ ಆಕಳು ಯಾರು ತರುತ್ತಾರೆ ಎಂದು ಅವನು ಕೇಳಿದ ಮೇಲೆ ಅವರು ದಿನ ಗೊತ್ತು ಮಾಡಿದರು.

ಬೀಜ ಒಡೆಯುವ ದಿನ ಡಾಕ್ಟರ ಸಹಾಯಕ ರಜೆಯ ಮೇಲಿದ್ದ. ಅವರು ನನಗೆ ಫೋನ್ ಮಾಡಿದರು. ಒಲ್ಲೆ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಹೋದೆ. ದೊಡ್ಡಪ್ಪ ನನ್ನನ್ನು ನೋಡಿ ಹಿಂದಿನ ಕಾಲಿನ ಹಗ್ಗವನ್ನು ನನ್ನ ಕೈಗೆ ಕೊಟ್ಟ. ಓಣಿಯ ಮೂವರು ಗಂಡಸರು ಸೇರಿ ಹೋರಿಯನ್ನು ಮಗ್ಗುಲಿಗೆ ಕೆಡವಿದರು. ಅವನು ತಲೆಯ ಹತ್ತಿರ ಕೂತು, ತನ್ನ ಟವೆಲ್ಲಿನಿಂದ ಅದರ ಕಣ್ಣು ಮುಚ್ಚಿ, ಕೊಂಬಿನ ಬುಡ ಹಿಡಿದುಕೊಂಡ. ಡಾಕ್ಟರು ದೊಡ್ಡ ಇಕ್ಕಳ ಹಚ್ಚಿ ಒತ್ತಿದಾಗ ಹಸಿ ಕಬ್ಬಿನ ಗಣಿಕೆ ಮುರಿದಂಥ ಸದ್ದು ಬಂತು. ಹೋರಿಯ ಕಾಲು ನನ್ನನ್ನು ಎಳೆದುಕೊಂಡು ಹೋಗುವಷ್ಟು ಜೋರಾಗಿ ಜಗ್ಗಿತು. ಬಿಡಬ್ಯಾಡ ಎಂದು ಡಾಕ್ಟರು ಕೂಗಿದರು. ಬಿಡಲಿಲ್ಲ. ಎರಡನೆಯ ಸಲ ಒತ್ತಿದಾಗ ಅದು ಕೂಗಿದ ರೀತಿಗೆ ಆ ಮೂವರು ಗಂಡಸರೂ ಮುಖ ತಿರುಗಿಸಿದರು. ದೊಡ್ಡಪ್ಪ ಅದರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದ. ಏನು ಹೇಳುತ್ತಿದ್ದನೋ ನನಗೆ ಕೇಳಲಿಲ್ಲ.

ಬಾವು ಇಳಿಯಲು ಒಂದು ತಿಂಗಳು ಹಿಡಿಯಿತು. ಆಮೇಲೆ ಗಾಡಿಯವರು ಬಂದು ಒಯ್ದರು. ಮೂಗುದಾರ ಬಿಚ್ಚಿ ಇಟ್ಟುಕೊಳ್ಳುತ್ತೇನೆ ಎಂದು ದೊಡ್ಡಪ್ಪ ಕೇಳಿದ. ಹೊಸದು ತಂದಿಲ್ಲ, ಅದೂ ಇರಲಿ ಎಂದರು.

ಅದು ಹೋದ ಎಂಟು ದಿನಕ್ಕೆ ವರದಿ ಬಂತು. ಹೋರಿಗೆ ರೋಗವಿರಲಿಲ್ಲ. ಡಾಕ್ಟರು ನನ್ನನ್ನು ದವಾಖಾನೆಗೆ ಕರೆಸಿ ಕಾಗದ ತೋರಿಸಿದರು. ಹೊರಗಿನ ದನ ಯಾರಾದರೂ ತಂದಿದ್ದರೇ ಎಂದು ಕೇಳಿದರು. ಸಾವಕಾರ ಅಷ್ಟರಲ್ಲಿ ಆ ಮೂರು ಆಕಳುಗಳನ್ನು ಬೇರೆ ಬಾಜಾರದಲ್ಲಿ ಮಾರಿ ಬಂದಿದ್ದ, ಈಗ ಅವು ಯಾರ ಗೋದಲಿಯಲ್ಲಿ ನಿಂತಿದ್ದವೋ. ನನಗೆ ಗೊತ್ತಿಲ್ಲ ಎಂದೆ. ಹೆಣ್ಣುಗರುಗಳಿಗೆ ಲಸಿಕೆ ಹಾಕಿಸಲು ಊರಿಗೆ ಹೇಳಿ ಎಂದರು, ಹೋರಿಯ ವಿಷಯವನ್ನೂ ಹೇಳಿ, ಆ ಮುದುಕರ ಮೇಲೆ ಸುಮ್ಮನೆ ಅಪವಾದ ಬಂತು ಎಂದರು. ಲಸಿಕೆಯ ವಿಷಯ ಮನೆಮನೆಗೆ ಹೋಗಿ ಹೇಳಿದೆ. ಹೋರಿಯ ವಿಷಯ ಹೇಳಲಿಲ್ಲ. ಲಸಿಕೆ ಹಾಕಿಸಿದ್ದಕ್ಕೆ ಊರು ನನ್ನನ್ನು ಹೊಗಳಿತು. ಫೋನು ಮತ್ತೆ ಬರತೊಡಗಿತು, ಮೊದಲಿಗಿಂತ ಹೆಚ್ಚು.

ಆ ಹಂಗಾಮಿನಲ್ಲಿ ಉಗಾರದ ರಸ್ತೆಯಲ್ಲಿ ಒಮ್ಮೆ ಆ ಹೋರಿಯನ್ನು ನೋಡಿದೆ. ಕಬ್ಬು ತುಂಬಿದ ಗಾಡಿ, ಟೈರಿನ ಗಾಲಿ, ಕಬ್ಬಿನ ತುದಿ ರಸ್ತೆಗೆ ತಾಗುವಷ್ಟು ಹೇರಿದ್ದರು. ಏರಿನಲ್ಲಿ ಅದರ ಗೊರಸು ಡಾಂಬರಿನ ಮೇಲೆ ಜಾರಿ ಮುಂಗಾಲೂರಿ ಬಿತ್ತು. ಹೆಗಲ ಮೇಲೆ ಅಂಗೈಯಗಲದ ಹುಣ್ಣಿತ್ತು. ಗಾಡಿಯವನು ಕೆಳಗಿಳಿದು ಬಾಲವನ್ನು ತಿರುವಿ ಕಚ್ಚಿದ. ಎದ್ದಿತು. ಹಿಂದೆ ಟ್ರಾಲಿಗಳು ಹಾರ್ನ್ ಹಾಕುತ್ತಿದ್ದವು. ನನ್ನ ಡಬ್ಬಿಯಲ್ಲಿ ಐನಾಪುರದ ಒಂದು ಆಕಳಿಗೆ ಹಾಕಬೇಕಾದ ಕಡ್ಡಿ ಇತ್ತು, ಬೆದೆ ಇಳಿಯುವುದರೊಳಗೆ ಮುಟ್ಟಬೇಕಾಗಿತ್ತು. ಗಾಡಿಯನ್ನು ದಾಟಿ ಹೋದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೋರಿ ಹೋದ ಮೇಲೆ ದೊಡ್ಡಪ್ಪ ಕೆಲವು ತಿಂಗಳು ಮನೆಯಲ್ಲೇ ಇದ್ದ. ಅವನಿಗೆ ದನದ ಕೆಲಸ ಬಿಟ್ಟು ಬೇರೆ ಬರುತ್ತಿರಲಿಲ್ಲ, ದನದ ಕೆಲಸ ಗೊತ್ತಿದ್ದವರಿಗೆ ಈಗ ಗೋಠಾಗಳಲ್ಲಿ ಬಹಳ ಬೇಡಿಕೆ. ಒಂದು ದಿನ ಸಾವಕಾರ ಆಳು ಕಳಿಸಿ ಕರೆಸಿಕೊಂಡ. ಸಗಣಿ ಬಳಿಯುವುದು, ಆಕಳು ತೊಳೆಯುವುದು, ಕಡ್ಡಿ ಹಾಕುವವರು ಬಂದಾಗ ಬಾಲ ಹಿಡಿಯುವುದು. ದೊಡ್ಡಪ್ಪ ಹೋಗಲಿಕ್ಕಿಲ್ಲ ಎಂದುಕೊಂಡಿದ್ದೆ. ಹೋದ. ಮೊದಲ ಸಲ ನಾನು ಅಲ್ಲಿಗೆ ಕಡ್ಡಿ ಹಾಕಲು ಹೋದಾಗ ಅವನು ಗೋಠಾದ ಬಾಗಿಲಲ್ಲೇ ನಿಂತಿದ್ದ, ತಲೆಗೆ ಆ ಹಳೆಯ ಟವೆಲ್ ಸುತ್ತಿಕೊಂಡು.

"ಬರ್ರಿ ಡಾಕ್ಟರ್ ಬಾಯಾರ," ಎಂದ. "ಹನ್ನೊಂದನೇ ನಂಬರಿನ ಆಕಳ ಬೆದಿಗೆ ಬಂದೈತ್ರಿ."

ಚೇಷ್ಟೆಗೆ ಅಂದದ್ದಲ್ಲ, ಸಿಟ್ಟಿಗೂ ಅಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವನು ನನಗೆ ನೀ ಅಂದಿಲ್ಲ. ಮನೆಯ ಮುಂದೆ ಸಿಕ್ಕರೂ ನೀವು, ದೀಪಾವಳಿಗೆ ಅವ್ವ ಹೋಳಿಗೆ ಕೊಟ್ಟು ಕಳಿಸಿದರೂ ನೀವು. ಅವ್ವ ಒಮ್ಮೆ ಅವನೆದುರು ಅತ್ತಳಂತೆ, ನಿಮ್ಮ ಮಗಳಲ್ಲೇನು ಎಂದು. ಅವನು, ಸಾವಕಾರ್ರ ಗೋಠಾಕ್ಕ ಬರೋ ಡಾಕ್ಟರು ಅವರು ಎಂದನಂತೆ.

ಈ ವರ್ಷ ಚಿಕ್ಕೋಡಿಯ ಒಂದು ಕಾಲೇಜಿನವರು ನನ್ನನ್ನು ಕರೆದಿದ್ದರು. ಜನರಿಗೆ ಹೆಚ್ಚು ಗೊತ್ತಿಲ್ಲದ ಹೊಸ ಉದ್ಯೋಗಗಳ ಬಗ್ಗೆ ಮಕ್ಕಳಿಗೆ ಹೇಳಬೇಕಂತೆ. ನನ್ನ ಪಕ್ಕದಲ್ಲಿ ಡ್ರೋನ್ ಹಾರಿಸಿ ಕಬ್ಬಿಗೆ ಔಷಧ ಹೊಡೆಯುವ ಒಬ್ಬ ತರುಣ, ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧ ಮಾಡುವ ಯಂತ್ರ ನಡೆಸುವ ಒಬ್ಬ ಹುಡುಗಿ ಕೂತಿದ್ದರು. ನಾನು ಡಬ್ಬಿ ತೆಗೆದು ಹೊಗೆ ತೋರಿಸಿದೆ, ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರಿಕೆಗೆ ಕಾದು ಕೂರಬೇಡಿ ಎಂದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಈ ಕೆಲಸದಲ್ಲಿ ಎಲ್ಲಕ್ಕಿಂತ ತ್ರಾಸಿನ ಸಂಗತಿ ಯಾವುದು ಎಂದು ಕೇಳಿದಳು. ವಾಸನೆ ಎಂದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಆದರೆ ರೂಢಿಯಾಗುತ್ತದೆ. ಅವಳು ಅದನ್ನು ಬರೆದುಕೊಂಡಳು.

ಅಲ್ಲಿಂದ ಬರುವ ದಾರಿಯಲ್ಲೇ ಸಾವಕಾರನ ಗೋಠಾದಿಂದ ಫೋನ್ ಬಂತು. ಮಧ್ಯಾಹ್ನದ ಹೊತ್ತು, ದೊಡ್ಡಪ್ಪನ ಹೊರತು ಯಾರೂ ಇರಲಿಲ್ಲ. ಅವನು ಬಾಲ ಹಿಡಿದ, ನಾನು ಕೈ ಹಾಕಿದೆ. ಆಕಳು ಒದೆಯಲು ನೋಡಿತು. ಅವನು ಬಾಲದ ಬುಡ ತಿಕ್ಕಿ ನಿಲ್ಲಿಸಿದ. ನನಗೆ ಅದೇನಾಯಿತೋ, ಕೈ ಒಳಗಿರುವಾಗಲೇ, ಅವನ ಮುಖ ನೋಡದೆ ಹೇಳಿಬಿಟ್ಟೆ. ಹೋರಿಗೆ ರೋಗ ಇರಲಿಲ್ಲ, ವರದಿ ಅವಾಗಲೇ ಬಂದಿತ್ತು, ನಾನು ಮುಚ್ಚಿಟ್ಟೆ, ಡೇರಿಯಲ್ಲಿ ಅಂದದ್ದೂ ಬೇಕೆಂದೇ ಅಂದದ್ದು.

ಅವನು ಬಾಲ ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದ.

"ಇದನ್ನ ಈಗ ಯಾಕ ಹೇಳಾಕತ್ತೀರಿ? ನಿಮಗ ಹಗುರ ಆಗ್ಲಿ ಅಂತನ?"

ನಾನು ನಳಿಗೆಯನ್ನು ಒಳಗೆ ದೂಡಿದೆ.

"ನಾ ಮುದುಕ ಅದೀನ್ರಿ," ಎಂದ. "ನಿಮ್ಮದನ್ನೂ ಹೊರಾಕ ಆಗೂದಿಲ್ಲ."

ಕಡ್ಡಿ ಬಿಟ್ಟು ಕೈ ತೆಗೆದೆ. ಬಿಡಬೇಕಾದ ಜಾಗದಲ್ಲಿ ಬಿಟ್ಟಿರಲಿಲ್ಲ. ಆ ಆಕಳು ಗಬ್ಬ ನಿಲ್ಲಲಿಲ್ಲ. ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಫೋನ್ ಬಂತು, ಮತ್ತೆ ಹೋದೆ. ಅವನು ಬಾಲ ಹಿಡಿದು ನಿಂತ, ಈ ಸಲ ಬೆದೆ ಚಲೋ ಐತ್ರಿ ಎಂದ. ನಾನು ಗ್ಲೌಸ್ ಏರಿಸಿಕೊಂಡು ಕೈ ಹಾಕಿದೆ. ಈಗ ಆ ಆಕಳು ಐದು ತಿಂಗಳ ಗಬ್ಬ.